ಕಸುಬಿನ ಕತ್ತಿಯೂ ಕಾನೂನಿನ ಅಳತೆಯೂ

ಮಡಚಲು ಬಾರದ, ಹಿಡಿಗೆ ಭದ್ರವಾಗಿ ಕೂಡಿಸಿದ ಅಲಗಿನ ಕತ್ತಿಯನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯುವುದು ಅಪರಾಧವೇ ಎಂಬ ಪ್ರಶ್ನೆಯನ್ನು ಕಬ್ಬಿಣದ ಸಾಮಾನಿನ ವರ್ತಕರೂ ಸಣ್ಣ ತಯಾರಕರೂ ಆಗಾಗ ಕೇಳುತ್ತಾರೆ. ಎಳನೀರು ಮಾರುವವನ ಮಚ್ಚು, ಮಲೆನಾಡಿನ ಕೂಲಿಯಾಳು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಕತ್ತಿ, ಮದುವೆ ಮನೆಗೆ ಹೊರಟ ಅಡುಗೆಯವರ ಚೀಲದ ಚಾಕು, ಇವೆಲ್ಲ ದಿನನಿತ್ಯ ರಸ್ತೆಯಲ್ಲೇ ಸಂಚರಿಸುತ್ತವೆ. ಇಂತಹ ಕತ್ತಿಗೆ ಕಾನೂನು ರಕ್ಷಣೆ ನೀಡಿದೆ. ಆದರೆ ನಮ್ಮ ವರ್ತಕರಲ್ಲಿ ಹಲವರು ಬರೆಯುವ ಬಿಲ್ಲು ಆ ರಕ್ಷಣೆಯನ್ನು ಕೊಳ್ಳುವವನ ಕೈಗೆ ತಲುಪಿಸುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯು ಅಲಗು ಮಡಚುತ್ತದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ವಸ್ತುವನ್ನು ಯಾವ ಉದ್ದೇಶಕ್ಕಾಗಿ ರೂಪಿಸಲಾಗಿದೆ ಎಂದು ಕೇಳುತ್ತದೆ. ಕೇವಲ ಗೃಹಕೃತ್ಯಕ್ಕೆ ಅಥವಾ ಕೃಷಿಗೆ ರೂಪಿಸಿದ ವಸ್ತು ಶಸ್ತ್ರವಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಐದನೆಯ ವರ್ಗವು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಚಾಕುಗಳನ್ನು ಒಳಗೊಳ್ಳುತ್ತದೆ. ಗೃಹ, ಕೃಷಿ, ವೈಜ್ಞಾನಿಕ ಹಾಗೂ ಕೈಗಾರಿಕಾ ಉದ್ದೇಶದವುಗಳನ್ನು ಹೊರಗಿಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕಾಯ್ದೆಯಲ್ಲಿ ‘ಕೇವಲ’ ಎಂಬ ಪದವಿದೆ, ‘ಕೈಗಾರಿಕೆ’ ಎಂಬ ಪದವಿಲ್ಲ. ನಿಯಮದಲ್ಲಿ ಕೈಗಾರಿಕೆ ಸೇರಿದೆ. ಚರ್ಮದ ಕೆಲಸದವರ, ಪ್ಯಾಕಿಂಗ್ ಕಾರ್ಖಾನೆಯವರ ಚಾಕುಗಳು ಆಶ್ರಯಿಸಬೇಕಾದುದು ಈ ನಿಯಮವನ್ನೇ. ಎಳನೀರಿನ ಮಚ್ಚು ಅನೇಕ ವೇಳೆ 2 ಅಂಗುಲಕ್ಕಿಂತ ಅಗಲವಿರುವುದರಿಂದ ಅದನ್ನು ಕಾಯುವುದು ಅಳತೆಯಲ್ಲ, ಉದ್ದೇಶ ಮಾತ್ರ.

ಇನ್ನು ಪರವಾನಗಿಯ ವಿಷಯ. ಕಾಯ್ದೆಯ 4ನೆಯ ಕಲಮಿನಂತೆ, ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ, ಅದರಲ್ಲಿ ಹೇಳಿದ ಬಗೆಯ ಆಯುಧಕ್ಕೆ ಮಾತ್ರ ಪರವಾನಗಿ ಬೇಕು. ಇದರ ಜೊತೆಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೆಯ ಕಲಮಿನಡಿ ಪೊಲೀಸ್ ಆಯುಕ್ತರು ಅಥವಾ ಜಿಲ್ಲಾ ದಂಡಾಧಿಕಾರಿಗಳು ಚಾಕು, ದೊಣ್ಣೆಗಳನ್ನು ಒಯ್ಯುವುದನ್ನು ತಾತ್ಕಾಲಿಕವಾಗಿ ನಿಷೇಧಿಸಬಹುದು. ಹಿಂದೆ 144ನೆಯ ಕಲಂ ಎಂದು ಕರೆಯುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಂ ಆಗಿದೆ. ಹಬ್ಬ, ಚುನಾವಣೆಗಳ ಸಮಯದಲ್ಲಿ ಇಂತಹ ಆದೇಶಗಳು ಹೊರಟಾಗ ಕಸುಬಿನವನೇ ಮೊದಲು ತೊಂದರೆಗೆ ಸಿಲುಕುತ್ತಾನೆ.

ದೆಹಲಿಯ ಒಂದು ಪ್ರಕರಣ ವರ್ತಕರು ಗಮನಿಸತಕ್ಕದ್ದು. ಅಲ್ಲಿನ ಆಡಳಿತದ 1980ರ ಅಧಿಸೂಚನೆಯು ನಿಗದಿತ ಅಳತೆ ಮೀರಿದ ಗುಂಡಿ ಒತ್ತಿ ತೆರೆಯುವ ಚಾಕುಗಳಿಗೆ ಸಂಬಂಧಿಸಿದ್ದು. ಅಂತಹ ಚಾಕುವಿನೊಡನೆ ಸಿಕ್ಕವನ ಮೇಲಿನ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ರದ್ದುಗೊಳಿಸಿತು. ಅಧಿಸೂಚನೆಯು ತಯಾರಿಕೆ, ಮಾರಾಟ, ಮಾರಾಟಕ್ಕಾಗಿ ಅಥವಾ ಪರೀಕ್ಷೆಗಾಗಿ ಇಟ್ಟುಕೊಳ್ಳುವುದನ್ನು ಕುರಿತದ್ದು, ಅಂತಹ ಆರೋಪವೇ ಅವನ ಮೇಲಿರಲಿಲ್ಲ ಎಂಬುದು ಕಾರಣ. ಪತ್ರಿಕೆಗಳು ಇದನ್ನು ಚಾಕು ಇಟ್ಟುಕೊಂಡವನ ಜಯವೆಂಬಂತೆ ಓದಿದರೆ ಓದಲಿ. ಮಾರಾಟಕ್ಕಿಟ್ಟವನಿಗೆ ಆ ಬಾಗಿಲು ತೆರೆದಿಲ್ಲವೆಂಬುದನ್ನು ಹೊರರಾಜ್ಯಕ್ಕೆ ಸರಕು ಕಳುಹಿಸುವ ನಮ್ಮವರು ಮರೆಯಬಾರದು.

ಉದ್ದೇಶವೇ ಮುಖ್ಯವಾದಲ್ಲಿ ಅದಕ್ಕೆ ಸಾಕ್ಷಿ ಯಾವುದು? ಮೊದಲಿಗೆ ಬಿಲ್ಲು. ಎಚ್‌ಎಸ್‌ಎನ್ ಪಟ್ಟಿಯಲ್ಲಿ ಕುಡುಗೋಲು, ಕೃಷಿ ಕತ್ತಿಗಳು 8201ರಲ್ಲಿ, ಸಾಮಾನ್ಯ ಚಾಕುಗಳು 8211ರಲ್ಲಿ, ಖಡ್ಗ ಮತ್ತು ಅದರಂತಹ ಆಯುಧಗಳು 9307ರಲ್ಲಿ ಬರುತ್ತವೆ. ತೆರಿಗೆಯ ಈ ವರ್ಗೀಕರಣಕ್ಕೆ ಕ್ರಿಮಿನಲ್ ನ್ಯಾಯಾಲಯ ಬದ್ಧವಲ್ಲ. ಆದರೂ ಮಾರಾಟದ ದಿನವೇ ಬರೆದ ದಾಖಲೆಗೆ ತನ್ನದೇ ತೂಕವಿದೆ. 2021ರ ಏಪ್ರಿಲ್‌ನಿಂದ 5 ಕೋಟಿ ರೂಪಾಯಿವರೆಗಿನ ವಹಿವಾಟಿನವರು ನೋಂದಾಯಿತ ವರ್ತಕರಿಗೆ ಕೊಡುವ ಬಿಲ್ಲಿನಲ್ಲಿ 4 ಅಂಕಿಗಳನ್ನು ನಮೂದಿಸಬೇಕು. ಚಿಲ್ಲರೆ ಗಿರಾಕಿಗೆ ಅದು ಕಡ್ಡಾಯವಲ್ಲವಾದ್ದರಿಂದ, ರಸ್ತೆಯಲ್ಲಿ ಕತ್ತಿ ಹಿಡಿಯುವವನ ಕೈಗೆ ಸಿಗುವುದು ‘ಹಾರ್ಡ್‌ವೇರ್ ಸಾಮಾನು’ ಎಂಬ ಚೀಟಿ, ಕೆಲವೊಮ್ಮೆ ಅದೂ ಇಲ್ಲ. ‘ಎಳನೀರು ಕೆತ್ತುವ ಮಚ್ಚು, ಒಂದು’ ಎಂದು ಬರೆಯಲು ಎಷ್ಟು ಶಾಯಿ ಬೇಕು?

ಇದಕ್ಕಿಂತ ಕೆಟ್ಟದ್ದು ಜಾಹೀರಾತು. ಅಡುಗೆಮನೆಯ ಚಾಕುವಿಗೆ ‘ಕಮಾಂಡೋ’ ಎಂದು ಹೆಸರಿಟ್ಟು ಮಾರುವ ತಯಾರಕನು ತನ್ನ ಕೈಯಿಂದಲೇ ‘ಕೇವಲ ಗೃಹಕೃತ್ಯ’ ಎಂಬ ರಕ್ಷಣೆಯನ್ನು ದುರ್ಬಲಗೊಳಿಸುತ್ತಾನೆ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಇಬ್ಬರು ಕಿರುತೆರೆ ಕಲಾವಿದರು ಶಸ್ತ್ರಾಸ್ತ್ರ ಕಾಯ್ದೆಯಡಿ ಬಂಧಿತರಾದರು. ಅದು ಫೈಬರ್‌ನದೆಂಬುದು ಅವರ ವಾದವಾಗಿತ್ತು. ಮಚ್ಚು ಎಂಬ ಪದವೇ ಅಪರಾಧ ಸುದ್ದಿಯ ಪದವಾಗಿರುವಾಗ ಸರಕಿನ ಹೆಸರಿನಲ್ಲಿ ಶೌರ್ಯ ಮೆರೆಯುವುದು ವ್ಯಾಪಾರ ಬುದ್ಧಿಯಲ್ಲ.

ನಮ್ಮ ಸಂಸ್ಥೆಯು ಆಯುಕ್ತರಿಗೂ ಜಿಲ್ಲಾಧಿಕಾರಿಗಳಿಗೂ ಮನವಿಯೊಂದನ್ನು ಸಲ್ಲಿಸುವುದು ಉಚಿತ. 35ನೆಯ ಕಲಮಿನ ಆದೇಶಗಳಲ್ಲಿ ಕಸುಬಿಗಾಗಿ ಒರೆಯಲ್ಲಿಟ್ಟೋ ಸುತ್ತಿಕೊಂಡೋ ಒಯ್ಯುವ ಉಪಕರಣಗಳಿಗೆ ಸ್ಪಷ್ಟ ವಿನಾಯಿತಿ ಸೇರಿಸಬೇಕೆಂಬುದೇ ಕೋರಿಕೆಯಾಗಲಿ. ಮುಂದಿನ ಹಬ್ಬದ ಬಂದೋಬಸ್ತಿನ ಆದೇಶ ಹೊರಡುವ ಮುನ್ನ ಅದು ಕಚೇರಿ ತಲುಪಬೇಕು.