ಕೋಟೆಯೂ ಬೇಕು, ಹಗೇವೂ ಬೇಕು

ಬಾದಾಮಿಯ ಬಂಡೆಯೊಂದರ ಮೇಲೆ ಶಕವರ್ಷ 465ರ, ಅಂದರೆ ಕ್ರಿ.ಶ. 543ರ ಶಾಸನವಿದೆ. ಮೇಲಿನಿಂದ ಇಳಿದು ಬರಲೂ ಕೆಳಗಿನಿಂದ ಏರಿ ಬರಲೂ ಆಗದಂಥ ಕೋಟೆಯನ್ನು ಮೊದಲನೆಯ ಪುಲಕೇಶಿ ಇಲ್ಲಿ ಕಟ್ಟಿದ ಎಂಬುದು ಅದರ ಸಾರ. ನೂರು ವರ್ಷ ತುಂಬುವ ಹೊತ್ತಿಗೆ ಪಲ್ಲವರ ನರಸಿಂಹವರ್ಮ ಆ ಕೋಟೆಗೆ ನುಗ್ಗಿ, ಅದೇ ಊರಿನ ಬಂಡೆಯ ಮೇಲೆ ತನ್ನ ಗೆಲುವನ್ನು ಕೆತ್ತಿಸಿ ಹೋದ. ಅದೇ ಸೀಮೆಯ ಹಳ್ಳಿಗಳಲ್ಲಿ ರೈತ ತನ್ನ ಜೋಳ ಕಾಯ್ದುಕೊಂಡ ರೀತಿ ಬೇರೆ. ನೆಲ ಅಗೆದು, ಬಾಯಿ ಸಣ್ಣದು ಹೊಟ್ಟೆ ದೊಡ್ಡದು ಮಾಡಿ ಹಗೇವು ತೋಡುತ್ತಿದ್ದ. ಒಳಗೆ ಹುಲ್ಲು ಒತ್ತಿ ಕಾಳು ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಎಳೆದುಬಿಟ್ಟರೆ ಅದರ ಮೇಲೆಯೇ ಮಂದಿ ಓಡಾಡುತ್ತಿದ್ದರು. ಒಳಗೆ ಎಷ್ಟು ಚೀಲ ಇದೆ ಎಂಬುದು ಮನೆಯವರಿಗಷ್ಟೇ ಗೊತ್ತು. ಕೋಟೆ ಗೋಡೆಯನ್ನು ನಂಬಿತ್ತು, ಹಗೇವು ಗುಟ್ಟನ್ನು ನಂಬಿತ್ತು. ಇವತ್ತು ಮೊಬೈಲ್ ಕೊಳ್ಳುವಾಗ ನಾವು ಕಲಸಿಕೊಳ್ಳುವ ಎರಡು ಮಾತುಗಳು ಇವೇ: ಭದ್ರತೆ ಮತ್ತು ಖಾಸಗಿತನ.

ಬಾಗಲಕೋಟೆಯಲ್ಲಾಗಲಿ ಇಳಕಲ್ಲಿನಲ್ಲಾಗಲಿ ಮೊಬೈಲ್ ಅಂಗಡಿಯಲ್ಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ತಾಸು ಬರುತ್ತದೆ, ಕಂತು ತಿಂಗಳಿಗೆ ಎಷ್ಟು. ಯಾರಾದರೂ ಒಬ್ಬರು ‘ಸೇಫ್ ಐತೇನು’ ಎಂದು ಕೇಳಿದರೆ ಬೆರಳಚ್ಚಿನ ಬೀಗ ತೋರಿಸಿ ಮಾತು ಮುಗಿಸಲಾಗುತ್ತದೆ. ಆದರೆ ಸೇಫ್ ಎಂದರೆ ಯಾರಿಂದ? ಫೋನ್ ಕದ್ದವನಿಂದ, ಕಳ್ಳ ಆ್ಯಪ್ ಕಳಿಸಿ ಖಾತೆ ಬರಿದು ಮಾಡುವವನಿಂದ ಕಾಯುವುದು ಭದ್ರತೆ. ಬಾಗಿಲ ಹೊರಗಿರುವವನು ಒಳಗೆ ಬರದಂತೆ ನೋಡಿಕೊಳ್ಳುವುದು ಅದರ ಕೆಲಸ. ಖಾಸಗಿತನದ ಪ್ರಶ್ನೆ ಬಾಗಿಲ ಒಳಗಿನದು. ನಾವೇ ಬರಮಾಡಿಕೊಂಡವರು, ಅಂದರೆ ಫೋನ್ ಮಾಡಿದ ಕಂಪನಿ, ಅದರ ತಂತ್ರಾಂಶ ಬರೆದವರು, ನಾವು ಹಾಕಿಕೊಂಡ ಆ್ಯಪ್‌ನವರು, ಒಳಗೆ ಕುಳಿತು ಏನೇನು ನೋಡುತ್ತಾರೆ, ಯಾರಿಗೆ ಹೇಳುತ್ತಾರೆ ಎಂಬುದು. ಹೊರಗಿನ ಕಳ್ಳನಿಗೆ ಜಗ್ಗದ ಫೋನ್ ಒಳಗಿನ ಅತಿಥಿಗೆ ಮನೆಯನ್ನೆಲ್ಲ ತೆರೆದಿಟ್ಟಿರಬಹುದು.

ಇದಕ್ಕೆ ಅಳತೆಯ ಸಾಕ್ಷಿಯೂ ಇದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪ್ರಾಧ್ಯಾಪಕ ಡಗ್ಲಸ್ ಲೀತ್ 2021ರಲ್ಲಿ ಒಂದು ಐಫೋನ್ ಮತ್ತು ಒಂದು ಆಂಡ್ರಾಯ್ಡ್ ಫೋನ್ ಇಟ್ಟುಕೊಂಡು, ಅವು ತಮ್ಮ ತಯಾರಕರಿಗೆ ಏನೇನು ಕಳಿಸುತ್ತವೆ ಎಂದು ಲೆಕ್ಕ ಹಾಕಿದರು. ಯಾರೂ ಮುಟ್ಟದೆ ಸುಮ್ಮನೆ ಬಿದ್ದಿರುವಾಗಲೂ ಎರಡೂ ಫೋನುಗಳು ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ಮೂಲ ಕಂಪನಿಯೊಂದಿಗೆ ಮಾತಾಡುತ್ತಿದ್ದವು. ಆಪಲ್‌ಗಿಂತ ಗೂಗಲ್ ಸುಮಾರು 20 ಪಟ್ಟು ಹೆಚ್ಚು ಮಾಹಿತಿ ಒಯ್ಯುತ್ತಿತ್ತು. ಗೂಗಲ್ ಈ ಲೆಕ್ಕದ ಕ್ರಮವನ್ನು ಒಪ್ಪಲಿಲ್ಲ. ಫೋನ್ ಸರಿಯಾಗಿ ನಡೆಯಲು ಇಂಥ ಸಂಪರ್ಕ ಬೇಕೇಬೇಕು ಎಂದಿತು. ಆ ಮಾತಿನಲ್ಲಿ ನಿಜವೂ ಉಂಟು. ತಂತ್ರಾಂಶದಲ್ಲಿ ಹೊಸದಾಗಿ ಕಂಡ ಬಿರುಕಿಗೆ ತೇಪೆ, ಅಂದರೆ ಅಪ್‌ಡೇಟ್, ಬರಬೇಕಾದರೆ ಫೋನ್ ತಯಾರಕನನ್ನು ಆಗಾಗ ಕೇಳಲೇಬೇಕು. ಅಂದರೆ ಭದ್ರತೆಗೆ ಒಂದಿಷ್ಟು ಮಾತುಕತೆ ಅಗತ್ಯ. ಆದರೆ ಗೋಡೆ ರಿಪೇರಿಗೆ ಬಂದ ಗೌಂಡಿಗೆ ಬಿರುಕು ಎಲ್ಲಿದೆ ಎಂದು ತಿಳಿದರೆ ಸಾಕು, ಮನೆಯವರು ಯಾವ ಊರಿಗೆ ಹೋಗಿದ್ದರು ಎಂಬುದು ಬೇಡ. ಎರಡರ ನಡುವಿನ ಗೆರೆ ಎಲ್ಲಿ ಎಂಬುದೇ ಜಗಳ.

ಈ ಗೆರೆಯನ್ನು ಅಳಿಸುವವರು ಸಾಮಾನ್ಯವಾಗಿ ಹೇಳುವುದು, ಒಂದು ಹೆಚ್ಚಾಗಬೇಕಾದರೆ ಇನ್ನೊಂದು ಕಡಿಮೆಯಾಗಲೇಬೇಕು ಎಂದು. 2025ರ ನವೆಂಬರ್ ಕೊನೆಗೆ ಕೇಂದ್ರದ ದೂರಸಂಪರ್ಕ ಇಲಾಖೆ ಎಲ್ಲ ಹೊಸ ಫೋನುಗಳಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕೆಂದು ತಯಾರಕರಿಗೆ ಆದೇಶಿಸಿದ್ದು ಇದೇ ತರ್ಕದ ಮೇಲೆ. ಕಳೆದ ಫೋನನ್ನು ಬಂದ್ ಮಾಡಿಸಲು, ನಮ್ಮ ಹೆಸರಿನಲ್ಲಿ ಬೇರೆಯವರು ಸಿಮ್ ತೆಗೆದುಕೊಂಡಿದ್ದರೆ ಕಂಡುಹಿಡಿಯಲು ಆ ಸೌಲಭ್ಯ ನಿಜಕ್ಕೂ ಉಪಯೋಗದ್ದು. ಜನ ಅದನ್ನು ಬೇಡವೆನ್ನಲಿಲ್ಲ, ಒತ್ತಾಯವನ್ನು ಬೇಡವೆಂದರು. ಗದ್ದಲ ಎದ್ದ ಮೇಲೆ ಡಿಸೆಂಬರ್ 3ರಂದು ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಒಳ್ಳೆಯ ಬೀಗವಾದರೂ ಅದರ ಇನ್ನೊಂದು ಕೀಲಿ ಯಾರ ಬಳಿ ಇರುತ್ತದೆ ಎಂದು ಕೇಳುವ ಹಕ್ಕು ಮನೆಯವರದು ಎಂಬುದಷ್ಟೇ ಆ ಗದ್ದಲದ ತಿರುಳು.

ಒಂದು ಹೋದರೆ ಇನ್ನೊಂದು ಉಳಿಯುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂದು ನಮ್ಮ ರಾಜ್ಯವೇ 2023ರಲ್ಲಿ ಕಂಡಿತು. ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಯಿಂದ, ಒಟಿಪಿಯೂ ಬರದೆ, ಹಣ ಮಾಯವಾಯಿತು. ಮಂಗಳೂರು ಪೊಲೀಸರ ತನಿಖೆಯಲ್ಲಿ ಬಯಲಾದ ದಾರಿ ಸರಳವಾಗಿತ್ತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರದ ಪ್ರತಿಗಳಿಂದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತು ಎತ್ತಿಕೊಂಡು, ನಕಲಿ ಬೆರಳಚ್ಚು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ದುಡ್ಡು ತೆಗೆದಿದ್ದರು. ಬ್ಯಾಂಕಿನ ತಿಜೋರಿಯನ್ನು ಯಾರೂ ಒಡೆಯಲಿಲ್ಲ, ಖಾತೆದಾರನ ಫೋನನ್ನು ಯಾರೂ ಮುಟ್ಟಲಿಲ್ಲ. ಇರಬಾರದ ಕಡೆ ಇದ್ದ ಒಂದು ಖಾಸಗಿ ಗುರುತೇ ಕೀಲಿಯಾಯಿತು. ಗುಪ್ತಪದ ಸೋರಿದರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸಲು ಬರುವುದಿಲ್ಲ. ಇಂದು ಸೋರಿದ ಖಾಸಗಿ ಮಾಹಿತಿ ನಾಳಿನ ಕಳವಿಗೆ ಬಿತ್ತಿದ ಬೀಜ.

ಇದರ ಮಗ್ಗುಲಿನ ತಪ್ಪನ್ನು ಖಾಸಗಿತನದ ಭಕ್ತರು ಮಾಡುತ್ತಾರೆ. ಕಂಪನಿಗಳ ಕಣ್ಣು ಬೇಡವೆಂದು ಹಳೆಯ ಫೋನಿಗೇ ಅಂಟಿಕೊಂಡು, ತೇಪೆ ಬರುವುದು ನಿಂತು ವರ್ಷಗಳಾದರೂ ಅದರಲ್ಲೇ ಹಣ ಕಳಿಸುತ್ತಾರೆ. ಬಾಗಿಲು ಮುರಿದ ಮನೆಯಲ್ಲಿ ಕಿಟಕಿಗೆ ಪರದೆ ಹಾಕಿದ ಹಾಗೆ ಇದು. ಇನ್ನು ಕೆಲವರ ಉಪದೇಶ ಕೀಪ್ಯಾಡ್ ಫೋನಿಗೆ ಮರಳಿ ಎಂಬುದು. ಅದರಿಂದ ಜಾಹೀರಾತಿನವರು ದೂರವಾಗುತ್ತಾರೆ, ನಿಜ. ಆದರೆ ಸಾದಾ ಕರೆ ಮತ್ತು ಎಸ್ಸೆಮ್ಮೆಸ್ಸು ಇವತ್ತಿಗೂ ದೂರವಾಣಿ ಕಂಪನಿಯ ಕೈ ದಾಟಿಯೇ ಹೋಗಬೇಕು. ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ವಿವಾದದಿಂದ; ಆಗ ಇದ್ದದ್ದು ತಂತಿಯ ಫೋನ್ ಮಾತ್ರ. ಗೂಗಲ್ಲಿನ ಹಂಗು ಪೂರ್ತಿ ಹರಿದುಕೊಳ್ಳಬೇಕೆನ್ನುವವರು ಮೆಚ್ಚುವ ಗ್ರಾಫೀನ್‌ಓಎಸ್ ಎಂಬ ತಂತ್ರಾಂಶದ ಕಥೆಯೂ ಪಾಠ ಹೇಳುವಂಥದ್ದು. ವರ್ಷಗಟ್ಟಲೆ ಅದು ನಂಬಿ ನಿಂತದ್ದು ಗೂಗಲ್ ತಾನೇ ಮಾರುವ ಪಿಕ್ಸೆಲ್ ಫೋನಿನ ಮೇಲೆ. ಕಾರಣ, ಯಂತ್ರದೊಳಗಿನ ಭದ್ರತೆ ಗಟ್ಟಿಯಿಲ್ಲದೆ ಮೇಲಿನ ಖಾಸಗಿತನ ನಿಲ್ಲುವುದಿಲ್ಲ ಎಂದು ಅದನ್ನು ಕಟ್ಟಿದವರಿಗೆ ಗೊತ್ತು.

‘ನಾವೇನು ಕಳವು ಮಾಡೇವೇನು, ಮುಚ್ಚಿಡೂದು ಏನೈತಿ?’ ಎಂಬ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಇಳಕಲ್ ಸೀರೆಯ ವ್ಯಾಪಾರಿಯೊಬ್ಬರ ಫೋನಿನಲ್ಲಿ ಏನಿರುತ್ತದೆ ಎಂದು ಯೋಚಿಸಿ. ಚಿಕ್ಕಿ ಪರಾಸ್ ದಡಿಯ, ಗೋಮಿ ದಡಿಯ ಹೊಸ ಬಣ್ಣಗಳ ಫೋಟೊ. ಟೋಪ್ ತೆನೆಯ ಸೆರಗಿಗೆ ರೇಷ್ಮೆ ಕೊಟ್ಟವರ ಉದ್ರಿ ಲೆಕ್ಕ. ಯಾವ ನೇಕಾರನಿಗೆ ಎಷ್ಟು ಮುಂಗಡ, ಯಾವ ಊರಿನ ಯಾವ ಮನೆಯ ಮದುವೆಗೆ ಎಷ್ಟು ಸೀರೆ. ಇದರಲ್ಲಿ ಅಪರಾಧ ಒಂದೂ ಇಲ್ಲ. ಆದರೂ ಎದುರು ಅಂಗಡಿಯವನ ಕೈಗೆ ಇದನ್ನು ಯಾರೂ ಕೊಡುವುದಿಲ್ಲ. ಹಗೇವಿನಲ್ಲಿ ಇದ್ದದ್ದೂ ಕಳವಿನ ಮಾಲಲ್ಲ, ಬೆವರಿನ ಜೋಳವೇ. ಅದಕ್ಕಿಂತ ಮುಖ್ಯವಾದ ಸಂಗತಿ, ನಮ್ಮ ಫೋನಿನಲ್ಲಿರುವುದು ನಮ್ಮೊಬ್ಬರದೇ ಅಲ್ಲ. ಸಾಲದ ಅಕ್ರಮ ಆ್ಯಪ್‌ಗಳು ಸಾಲಗಾರನ ಫೋನಿನಿಂದ ಹೆಸರು-ನಂಬರುಗಳ ಪಟ್ಟಿ ಎಳೆದುಕೊಂಡು, ಬೀಗರಿಗೂ ಗೆಳೆಯರಿಗೂ ಅಸಹ್ಯ ಸಂದೇಶ ಕಳಿಸಿ ಮರ್ಯಾದೆ ಕಳೆದದ್ದನ್ನು ದೇಶವೇ ನೋಡಿದೆ. ‘ಅಲೌ’ ಎಂದು ಬೆರಳು ಒತ್ತಿದವನು ಒಬ್ಬ, ಬೆಲೆ ತೆತ್ತವರು ಆ ಪಟ್ಟಿಯಲ್ಲಿದ್ದವರೆಲ್ಲ.

ಹೆಚ್ಚು ತೂಕದ ಆಕ್ಷೇಪ ಪೊಲೀಸರದು. ಎಲ್ಲವೂ ಗುಟ್ಟಾದರೆ ಅಪರಾಧಿಯನ್ನು ಹಿಡಿಯುವುದು ಹೇಗೆ? ಇದಕ್ಕೆ ಉತ್ತರ ಹೊಳೆಯಬೇಕಾದರೆ ಕರ್ನಾಟಕದ ಇಬ್ಬರು ನ್ಯಾಯಮೂರ್ತಿಗಳತ್ತ ನೋಡಬೇಕು. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಹಕ್ಕಿಗೆ ಮಿತಿಯೇ ಇಲ್ಲ ಎನ್ನಲಿಲ್ಲ. ಸರ್ಕಾರ ಅದರಲ್ಲಿ ಕೈ ಹಾಕಬೇಕಾದರೆ ಕಾನೂನು ಇರಬೇಕು, ತಕ್ಕ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈ ಚಾಚಬೇಕು ಎಂದು ಮೂರು ಒರೆಗಲ್ಲು ಇಟ್ಟಿತು. 2021ರ ಮಾರ್ಚ್‌ನಲ್ಲಿ ವಿರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಇದನ್ನು ಫೋನಿಗೇ ಹಚ್ಚಿ ನೋಡಿದರು. ನ್ಯಾಯಾಲಯದ ಶೋಧ ವಾರಂಟ್‌ನ ದಾರಿಯಿಂದ ಪೊಲೀಸರು ಆರೋಪಿಯ ಫೋನ್ ತೆರೆಯಬಹುದು, ಆದರೆ ಒಳಗೆ ಸಿಕ್ಕ ಖಾಸಗಿ ವಿಷಯವನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ ಎಂದರು. ಒಬ್ಬರ ಮೇಲೆ ಅನುಮಾನ ಬಂದರೆ ಅವರ ಬಾಗಿಲು ಬಡಿಯುವುದು ನ್ಯಾಯ. ಊರಿನ ಎಲ್ಲ ಮನೆಯ ಕೀಲಿಯನ್ನು ಮೊದಲೇ ಚಾವಡಿಯಲ್ಲಿ ತೂಗುಹಾಕುವುದು ಬೇರೆ ಮಾತು. ಆ ಕೀಲಿಗೊಂಚಲು ಒಂದು ದಿನ ಕಳ್ಳನ ಕೈಗೂ ಸಿಗುತ್ತದೆ.

ಕೊನೆಯ ಆಕ್ಷೇಪ ಬೆಲೆಯದು, ಅದು ಎಲ್ಲಕ್ಕಿಂತ ಪ್ರಾಮಾಣಿಕ. ಲಕ್ಷ ರೂಪಾಯಿಯ ಫೋನ್ ಕೊಂಡವರಿಗೆ ಎರಡೂ ಸಿಗುತ್ತವೆ, ಹತ್ತು ಸಾವಿರದವರು ಏನು ಮಾಡಬೇಕು? 2023ರ ಪಿಕ್ಸೆಲ್ 8ಕ್ಕೆ ಗೂಗಲ್, 2024ರ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್ಸಂಗ್ ಏಳು ವರ್ಷದ ಭದ್ರತಾ ಅಪ್‌ಡೇಟ್ ಮಾತು ಕೊಟ್ಟಿವೆ. ಅಗ್ಗದ ಫೋನುಗಳಲ್ಲಿ ಅನೇಕಕ್ಕೆ ಅದರ ಅರ್ಧವೂ ಇಲ್ಲ. ಮೇಲಾಗಿ ಕೇಳದಿದ್ದರೂ ತುಂಬಿ ಕಳಿಸಿದ ಆ್ಯಪ್‌ಗಳು, ಸಾಲದ ಮೇಲೆ ಕೊಂಡಿದ್ದರೆ ಕಂತು ತಪ್ಪಿದ ದಿನ ದೂರದಿಂದಲೇ ಬೀಗ ಜಡಿಯುವ ಏರ್ಪಾಡು. ಹೀಗೆ ಬಡವನಿಗೆ ಗೋಡೆಯೂ ಗಿಡ್ಡ, ಗುಟ್ಟೂ ಇಲ್ಲ. ಇದು ಕೊಳ್ಳುವವನ ಜಾಣತನದಿಂದಷ್ಟೇ ತೀರುವ ಸಮಸ್ಯೆಯಲ್ಲ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕೆಂದು ನಿಯಮ ಮಾಡಿದೆ. ನಮ್ಮಲ್ಲಿ ಗುಳಿಗೆಯ ಪಟ್ಟಿಯ ಮೇಲೆ, ಬಿಸ್ಕೀಟಿನ ಪುಡಿಕೆಯ ಮೇಲೆ ಕೂಡ ಯಾವತ್ತಿನವರೆಗೆ ಚಲೋ ಎಂದು ಅಚ್ಚಾಗಿರುತ್ತದೆ. ಮನೆಯ ದುಡ್ಡೆಲ್ಲ ಹಾಯುವ ಫೋನಿನ ಡಬ್ಬಿಯ ಮೇಲೆ ಎಂಆರ್‌ಪಿ ಇದೆ, ತೇಪೆ ಎಂದಿನವರೆಗೆ ಬರುತ್ತದೆ ಎಂಬ ತಾರೀಖು ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳಿಗೆ ಒಪ್ಪಿಗೆಯ ಕಟ್ಟಳೆ ಹಾಕಿತು, ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ವಿನಾಯಿತಿಯ ಬಾಗಿಲು ಅಗಲವಾಗಿಯೇ ಇಟ್ಟಿತು. ಡಬ್ಬಿಯ ಮೇಲೊಂದು ತಾರೀಖು ಹಾಕಿಸಲು ಇಷ್ಟು ದೊಡ್ಡ ಕಾಯ್ದೆಯೂ ಬೇಡ, ಗ್ರಾಹಕರು ಕೇಳತೊಡಗಿ ಒಂದು ನಿಯಮ ಬಂದರೆ ಸಾಕು.

ಹಾಗಾದರೆ ಆಯ್ಕೆಯ ಕ್ರಮ ಹೀಗಿರಬೇಕು ಅನಿಸುತ್ತದೆ. ಮೊದಲು ಗೋಡೆ, ಆಮೇಲೆ ಗುಟ್ಟು. ಒಂದಕ್ಕಾಗಿ ಇನ್ನೊಂದನ್ನು ಮಾರುವುದಲ್ಲ, ಒಂದರ ಮೇಲೆ ಇನ್ನೊಂದನ್ನು ಕಟ್ಟುವುದು. ಕೈಯಲ್ಲಿರುವ ದುಡ್ಡಿಗೆ ಹೆಚ್ಚು ವರ್ಷ ಅಪ್‌ಡೇಟ್ ಬರುವ ಫೋನ್ ಯಾವುದೋ ಅದನ್ನು ತೆಗೆದುಕೊಂಡು, ಕ್ಯಾಮೆರಾದಲ್ಲಿ ಒಂದು ಮೆಟ್ಟಿಲು ಇಳಿದರೂ ನಷ್ಟವಿಲ್ಲ. ಖಾಸಗಿತನದ ಬಹುಪಾಲು ದುಡ್ಡಿಲ್ಲದೆ ಸಿಗುವಂಥದ್ದು. ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಇಟ್ಟ ಒರೆಗಲ್ಲನ್ನೇ ಪ್ರತಿ ಆ್ಯಪ್‌ಗೂ ಇಡಬಹುದು. ಬೆಳಕು ಬಿಡುವ ಬ್ಯಾಟರಿ ಆ್ಯಪ್‌ಗೆ ನಮ್ಮ ಬೀಗರ ನಂಬರು ಏಕೆ? ಹವಾಮಾನ ಹೇಳುವುದಕ್ಕೆ ಮೈಕ್ ಏಕೆ? ಉದ್ದೇಶಕ್ಕೆ ಮೀರಿದ್ದು ಕೇಳಿದರೆ ಬೇಡ ಎನ್ನುವುದು, ಮದುವೆಯ ಕರೆಯೋಲೆಯ ವೇಷದಲ್ಲಿ ವಾಟ್ಸಾಪಿಗೆ ಬಂದ ಎಪಿಕೆ ಕಡತವನ್ನು ಒತ್ತದಿರುವುದು, ಇವು ಹತ್ತು ಸಾವಿರದ ಫೋನಿನಲ್ಲೂ ನಡೆಯುತ್ತವೆ.

ಹಗೇವು ತೆಗೆಯುವ ಪದ್ಧತಿಯಲ್ಲಿ ಒಂದು ಎಚ್ಚರವಿತ್ತು. ಬಹಳ ದಿನ ಮುಚ್ಚಿದ ಕುಣಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆಂದು, ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ತುಳಸಿಗೇರಿಯಲ್ಲಿ ಹನುಮಪ್ಪನಿಗೆ ಒಡೆಯುವ ಕಾಯಿಗೂ ಇಂದು ಫೋನಿನಿಂದ ದುಡ್ಡು ಕೊಡಬಹುದಾದ ಕಾಲದಲ್ಲಿ, ಇಳಿಯಲೇಬೇಡಿ ಎನ್ನುವ ಉಪದೇಶಕ್ಕೆ ಅರ್ಥವಿಲ್ಲ. ಇಳಿಯುವ ಮುಂಚೆ ಅಂಗಡಿಯವರನ್ನು ಕೇಳಬೇಕಾದ್ದು ಎರಡೇ ಮಾತು: ಇದಕ್ಕೆ ಎಷ್ಟನೇ ಇಸವಿಯವರೆಗೆ ಅಪ್‌ಡೇಟ್ ಬರುತ್ತದೆ, ಇದರೊಳಗೆ ಮೊದಲೇ ಇರುವ ಆ್ಯಪ್‌ಗಳಲ್ಲಿ ಯಾವುದನ್ನು ನನಗೆ ತೆಗೆದುಹಾಕಲು ಬರುವುದಿಲ್ಲ? ಉತ್ತರ ಬಾರದಿದ್ದರೆ ಕಂದೀಲು ಆರಿತೆಂದು ತಿಳಿದು ಮುಂದಿನ ಅಂಗಡಿಗೆ ಹೋಗಬಹುದು.