ಜಠರದೊಳಗೊಂದು ಬಲೂನು

ತಮ್ಮ ತಲೆಗೂದಲನ್ನೇ ಕಿತ್ತು ನುಂಗುವ ಚಾಳಿ ಕೆಲವರಿಗುಂಟು. ಕೂದಲು ಜೀರ್ಣವಾಗುವ ವಸ್ತುವಲ್ಲ; ಅದು ಜಠರದಲ್ಲಿ ಕ್ರಮೇಣ ಉಂಡೆಗಟ್ಟುತ್ತದೆ. ಅಂಥ ರೋಗಿಗಳಿಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗಿ ಮೈ ಇಳಿಯುವುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಬೇಡದ ಉಂಡೆ ಮಾಡುವ ಈ ಕೆಲಸವನ್ನು ಬೇಕೆಂದೇ ಇರಿಸಿದ ಉಂಡೆಯೊಂದರಿಂದ ಮಾಡಿಸಬಾರದೇಕೆ? 1982ರಲ್ಲಿ ಡೆನ್ಮಾರ್ಕಿನ ವೈದ್ಯರಿಬ್ಬರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ವಿಚಾರವನ್ನು ಮಂಡಿಸಿದರು. ಸ್ಥೂಲಕಾಯಕ್ಕೆ ಕತ್ತಿ ಸೋಂಕದ ಚಿಕಿತ್ಸೆಯ ಕಥೆ ಅಲ್ಲಿಂದ ಮೊದಲಾಗುತ್ತದೆ.

ಆರಂಭ ಶುಭವಾಗಿರಲಿಲ್ಲ. 1985ರಲ್ಲಿ ಅಮೆರಿಕದ ಸರಕಾರ ಒಪ್ಪಿಗೆಯಿತ್ತ ಗ್ಯಾರೆನ್-ಎಡ್ವರ್ಡ್ಸ್ ಬಲೂನು ಗಾಳಿ ತುಂಬಿದ ಉರುಳೆಯಾಕಾರದ್ದು. ಅದು ಜಠರದ ಒಳಪೊರೆಯನ್ನು ಉಜ್ಜಿ ಹುಣ್ಣು ಮಾಡುತ್ತಿತ್ತು. ಗಾಳಿ ಸೋರಿದಾಗ ಕರುಳಿಗಿಳಿದು ದಾರಿ ಕಟ್ಟುತ್ತಿತ್ತು. ಇದಕ್ಕಿಂತಲೂ ಮುಖಭಂಗದ ಸಂಗತಿ ಮತ್ತೊಂದು. ಕೆಲವರಿಗೆ ಬಲೂನನ್ನಿಟ್ಟು, ಮತ್ತೆ ಕೆಲವರಿಗೆ ಇಟ್ಟಂತೆ ನಟಿಸಿ, ಇಬ್ಬರಿಗೂ ಒಂದೇ ಪಥ್ಯ ಹೇಳಿ ಪರೀಕ್ಷಿಸಿದಾಗ ಇಳಿದ ತೂಕದಲ್ಲಿ ಹೇಳಿಕೊಳ್ಳುವಂಥ ಅಂತರವೇ ಕಾಣಲಿಲ್ಲ! ಕೆಲವೇ ವರ್ಷಗಳಲ್ಲಿ ಅದರ ಮಾರಾಟ ನಿಂತಿತು.

1987ರಲ್ಲಿ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬಲ್ಲಿ ತಜ್ಞರು ಸಭೆ ಸೇರಿ, ಒಳ್ಳೆಯ ಬಲೂನು ಹೇಗಿರಬೇಕೆಂದು ನಿರ್ಧರಿಸಿದರು. ಮೈ ನುಣುಪಾಗಿರಬೇಕು, ಬಾಳಿಕೆ ಬರಬೇಕು, ಗಾಳಿಯ ಬದಲು ದ್ರವ ತುಂಬಬೇಕು. ಇಂದಿನ ‘ಆರ್ಬೆರಾ’ ಆ ಸಲಹೆಗಳನ್ನು ಅನುಸರಿಸಿದ ಸಿಲಿಕೋನ್ ಗೋಲ. ದೀಪವೂ ಕಣ್ಣೂ ಉಳ್ಳ ಬಳುಕುವ ನಳಿಕೆ, ಎಂದರೆ ಎಂಡೋಸ್ಕೋಪಿನ ಕಾವಲಿನಲ್ಲಿ ಅದನ್ನು ಬಾಯಿಯ ಮೂಲಕ ಜಠರಕ್ಕಿಳಿಸಿ, 400ರಿಂದ 700 ಮಿಲಿಲೀಟರು ಉಪ್ಪುನೀರು ತುಂಬುತ್ತಾರೆ. ಆ ನೀರಿಗೆ ನೀಲಿ ಬಣ್ಣ ಬೆರೆಸುವ ರೂಢಿಯೂ ಉಂಟು. ಬಲೂನು ಸೋರಿದರೆ ಮೂತ್ರ ನೀಲಿಯೋ ಹಸಿರೋ ಆಗಿ ಸುದ್ದಿ ಮುಟ್ಟಿಸುತ್ತದೆ. ಆಗ ತಡಮಾಡದೆ ವೈದ್ಯರ ಬಳಿಗೆ ಧಾವಿಸಬೇಕು.

2015ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟದ್ದು ಹಬ್ಬದ ರವಿಕೆ ಬಿಗಿಯಾಯಿತೆಂದು ಕೊರಗುವವರಿಗಾಗಿ ಅಲ್ಲ. ಐದೂವರೆ ಅಡಿ ಎತ್ತರದವರಾದರೆ ಸುಮಾರು 84 ಕಿಲೋ ಮುಟ್ಟಿದ, ಪಥ್ಯ ವ್ಯಾಯಾಮಗಳಿಂದ ಫಲ ಕಾಣದ ವಯಸ್ಕರಿಗೆ ಮಾತ್ರ. ಮೊದಲ ಕೆಲವು ದಿನ ವಾಂತಿ, ಹೊಟ್ಟೆನೋವು ಬಹುಮಂದಿಯನ್ನು ಕಾಡುತ್ತವೆ. ದ್ರವದ ಬಲೂನು ಇರಿಸಿಕೊಂಡ ಐವರು ಒಂದು ತಿಂಗಳೊಳಗೇ ಸತ್ತ ವರದಿಗಳನ್ನು ಅಲ್ಲಿನ ಔಷಧ ನಿಯಂತ್ರಣ ಇಲಾಖೆ 2017ರಲ್ಲಿ ವೈದ್ಯರ ಗಮನಕ್ಕೆ ತಂದಿತು. ಬಲೂನೇ ಕಾರಣವೆಂದು ಇಲಾಖೆ ನಿರ್ಣಯಿಸಲಿಲ್ಲ. ಆದರೂ ‘ಕೊಯ್ತವಿಲ್ಲ’ ಎಂದೊಡನೆ ‘ಅಪಾಯವಿಲ್ಲ’ ಎಂದು ತಿಳಿಯುವವರು ಇದನ್ನು ಓದಬೇಕು. ಆರು ತಿಂಗಳಿಗೆ ಬಲೂನನ್ನು ಹೊರತೆಗೆಯಲೇಬೇಕು. ಅಷ್ಟರಲ್ಲಿ ಊಟದ ಕ್ರಮ ಬದಲಾಗದಿದ್ದರೆ ಇಳಿದ ತೂಕ ಮೆಲ್ಲನೆ ಮರಳುತ್ತದೆ.

ಹೊರತೆಗೆಯುವ ಗೊಡವೆಯಿಲ್ಲದ ಇನ್ನೊಂದು ವಿಧಾನದಲ್ಲಿ ಅದೇ ನಳಿಕೆಯ ತುದಿಗೆ ಸೂಜಿದಾರಗಳನ್ನು ಜೋಡಿಸಿ, ಜಠರವನ್ನು ಒಳಗಿನಿಂದಲೇ ನಿರಿಗೆ ಹಿಡಿದು ಹೊಲಿಯುತ್ತಾರೆ. ಚೀಲದಂತಿದ್ದ ಜಠರ ಕೊಳವೆಯಂತಾಗುತ್ತದೆ. 2022ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಹೊಲಿಸಿಕೊಂಡವರ ತೂಕ ಒಂದು ವರ್ಷದಲ್ಲಿ ಸರಾಸರಿ ನೂರಕ್ಕೆ 13.6ರಷ್ಟು ಇಳಿದಿತ್ತು, ಕೇವಲ ಆಹಾರ ವಿಹಾರಗಳನ್ನು ತಿದ್ದಿಕೊಂಡವರದು 0.8ರಷ್ಟು. ಶಸ್ತ್ರಚಿಕಿತ್ಸೆಯಿಂದ ಇಳಿಯುವ ತೂಕ ಇದಕ್ಕಿಂತಲೂ ಹೆಚ್ಚು. ಆ ಪರೀಕ್ಷೆಯಲ್ಲಿ ಹೊಲಿಗೆ ಹಾಕಿಸಿಕೊಂಡ 131 ಮಂದಿಯಲ್ಲಿ ಮೂವರಿಗೆ ಗಂಭೀರ ತೊಂದರೆಯಾಯಿತು, ಯಾರೂ ಸಾಯಲಿಲ್ಲ.