ಅಲ್ಲಿ ಸೇಫಾ ಮಗಾ?

ಕ್ಲಾಸ್‌ಮೇಟ್ ಒಬ್ಬ ಇಂಟರ್ನ್‌ಶಿಪ್‌ಗೆ ಘಾನಾದ ರಾಜಧಾನಿ ಅಕ್ರಾಗೆ ಹೋಗ್ತೀನಿ ಅಂದ. ಹಾಸ್ಟೆಲ್‌ನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಅಲ್ಲಿ ಸೇಫಾ ಮಗಾ?" ಅಕ್ರಾ ಗಿನಿ ಕೊಲ್ಲಿಯ ದಡದಲ್ಲಿದೆ ಅಂತ ಕೇಳಿದವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೋಗೋ ಮುಂಚೆ ಯೆಲ್ಲೋ ಫೀವರ್ ಲಸಿಕೆ ಕಡ್ಡಾಯ, ಕನಿಷ್ಠ 10 ದಿನ ಮೊದಲೇ ಹಾಕಿಸಬೇಕು. ಮಲೇರಿಯಾ ಬಗ್ಗೆ ಡಾಕ್ಟರನ್ನು ಕೇಳಬೇಕು. ಉಳಿದದ್ದು ನಮಗೆ ಗೊತ್ತಿರೋದೇ. ಹೆಂಗಸರೇ ಹೆಚ್ಚಾಗಿ ವ್ಯಾಪಾರ ನಡೆಸುವ ಅಲ್ಲಿನ ಮಕೋಲಾ ಮಾರ್ಕೆಟ್‌ಗೂ, ನಮ್ಮ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೂ ನಿಯಮ ಒಂದೇ: ಪರ್ಸ್ ಮುಂದಿನ ಜೇಬಲ್ಲಿ, ಕಣ್ಣು ಫೋನ್ ಮೇಲಲ್ಲ, ರಸ್ತೆ ಮೇಲೆ.

ನನ್ನನ್ನು ಕಾಡೋದು ಉಲ್ಟಾ ಪ್ರಶ್ನೆ. ಅಲ್ಲಿಂದ ಬಂದವರಿಗೆ ನಮ್ಮೂರು ಸೇಫಾ? 2016ರ ಜನವರಿ 31ರ ರಾತ್ರಿ ಬೆಂಗಳೂರಿನಲ್ಲೇ, ಸುಡಾನ್‌ನವನೊಬ್ಬ ಮಾಡಿದ ಅಪಘಾತದ ಸಿಟ್ಟನ್ನು ಜನರ ಗುಂಪು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ತೀರಿಸಿಕೊಂಡಿತು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಇವತ್ತಿಗೂ ಕೆ.ಆರ್. ಪುರದ ಬಸ್ಸಲ್ಲಿ ಆಫ್ರಿಕಾದ ಹುಡುಗ ಕೂತರೆ, ಜನ ನಿಂತಿದ್ದರೂ ಪಕ್ಕದ ಸೀಟು ಖಾಲಿ ಇರೋದನ್ನ ನೋಡಿದ್ದೀನಿ.

ನಾನೂ ನಿಂತೇ ಇದ್ದೆ. ನಮ್ಮ ಗೆಳೆಯನ ಪಕ್ಕ ಅಕ್ರಾದಲ್ಲಿ ಯಾರಾದರೂ ಕೂರಲಿ ಅಂತ ನಾವು ಬಯಸೋದಾದರೆ, ಇಲ್ಲಿ ಮೊದಲು ನಾವು ಕೂರಬೇಕು.